ಮೈ ಯಾರದು, ಅವತಾರ ಯಾರದು?

ಜೇಮ್ಸ್ ಕ್ಯಾಮರೂನನ ‘ಅವತಾರ್’ (2009) ಎಂದರೆ ನಮ್ಮ ಪರಿಸರವಾದಿ ಗೆಳೆಯರಿಗೆ ಕಣ್ಣು ಒದ್ದೆಯಾಗುತ್ತದೆ. ಕಾಡು ಉಳಿಯಿತು, ಕಂಪೆನಿ ಸೋತಿತು, ಮರದೊಳಗೆ ತಾಯಿಯಿದ್ದಾಳೆ ಎಂದು ತಿಳಿಯಿತು. ಸಂತೋಷ. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ನೋಡುವವನಿಗೆ ಆ ಹೆಸರಿನಲ್ಲೇ ಒಂದು ತೊಡಕು ಉಂಟು.

ಕಥೆ ನಡೆಯುವುದು 2154ನೇ ಇಸವಿಯಲ್ಲಿ. ಪಂಡೋರಾ ಎಂಬ ಲೋಕಕ್ಕೆ ಅದಿರಿಗಾಗಿ ಹೋದ ಕಂಪೆನಿ, ಅಲ್ಲಿನ ನಾವಿ ಜನರನ್ನು ಹೋಲುವ ಮೈಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುತ್ತದೆ. ಕಾಲಿನ ಸ್ವಾಧೀನ ತಪ್ಪಿದ ಮಾಜಿ ಸೈನಿಕ ಜೇಕ್ ಸಲ್ಲಿ ಪೆಟ್ಟಿಗೆಯಲ್ಲಿ ಮಲಗಿ ಅಂಥದೊಂದು ಮೈಯನ್ನು ಹೊಗುತ್ತಾನೆ. ಮುಚ್ಚಳ ತೆಗೆದರೆ ಮತ್ತೆ ಗಾಲಿಕುರ್ಚಿ. ಕೊನೆಗೆ ಎಯ್ವಾ ಎಂಬ ಆ ಲೋಕದ ತಾಯಿ ಅವನನ್ನು ನೀಲಿ ಮೈಗೇ ಕಾಯಂ ಮಾಡುತ್ತಾಳೆ. ಹೊರಗಿನವ ಬಂದು ನಾಯಕನಾಗುವ ಬಗ್ಗೆ ಟೀಕೆ ಬೇಕಾದಷ್ಟು ಬಂದಿದೆ, ಅದನ್ನು ಬಿಡುವ.

ಮೈ ಹೊಗುವುದು ನಮಗೆ ಹೊಸತಲ್ಲ. ಪಂಬದ, ಪರವ, ನಲಿಕೆಯವರ ಮೈಮೇಲೆ ದೈವ ಬರುತ್ತದೆ. ಮುಖಕ್ಕೆ ಅರದಾಳ ಬಿದ್ದು, ಸೊಂಟಕ್ಕೆ ತೆಂಗಿನ ಸಿರಿ ಕಟ್ಟಿ, ಕಾಲಿಗೆ ಗಗ್ಗರ ಏರಿದ ಮೇಲೆ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲಬೇಕು. ಬೆಳಗಾಗಿ ಬಣ್ಣ ತೊಳೆದರೆ? ಎಷ್ಟೋ ಕಡೆ ಅದೇ ಯಜಮಾನನ ಚಾವಡಿಯ ಹೊರಗೆ ನಿಲ್ಲುವವನು ಇವನೇ. ಇವನನ್ನು ಯಾವ ಎಯ್ವಾಳೂ ಕಾಯಂ ಮಾಡಲಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಚಿತ್ರದ ನೀಲಿ ಮೈಗೆ ಸ್ವಂತ ನೆನಪಿಲ್ಲ, ತಾಯಿಯಿಲ್ಲ. ಯಾರೂ ಪ್ರಶ್ನೆ ಕೇಳದ ಹಾಗೆ ಅದನ್ನು ಖಾಲಿಯಾಗಿಯೇ ತಯಾರು ಮಾಡಿದ್ದಾರೆ. ಇಲ್ಲಿ ದೈವ ಬರುವ ಮೈ ಖಾಲಿಯಲ್ಲ ಮಾರಾಯ್ರೆ! ಪಕ್ಕದಲ್ಲಿ ತೆಂಬರೆ ಬಡಿದು ಪಾಡ್ದನ ಹೇಳುವವಳು ಅವನ ತಾಯಿಯೋ ಹೆಂಡತಿಯೋ ಆಗಿರುತ್ತಾಳೆ. ಆ ಮೈಗೆ ವಯಸ್ಸಾಗುತ್ತದೆ, ಮಂಡಿ ನೋಯುತ್ತದೆ. ಅದು ಸರಕಾರದ ಕಣ್ಣಿಗೆ ಬಿದ್ದದ್ದು ‘ಕಾಂತಾರ’ ಗೆದ್ದ ಮೇಲೆ: 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನದ ಘೋಷಣೆ ಬಂದದ್ದು 2022ರ ಅಕ್ಟೋಬರಿನಲ್ಲಿ.

ಕ್ಯಾಮರೂನನ ಪರಿಸರ ಪ್ರೀತಿಯಲ್ಲೂ ಇದೇ ಖಾಲಿತನ ಇದೆ. ಮನೆಮರ ಉರುಳುವ ದೃಶ್ಯದಲ್ಲಿ ನನಗೂ ಎದೆ ಹಿಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಇರುವುದು ಎರಡೇ ಪಕ್ಷ, ಕಂಪೆನಿ ಮತ್ತು ಕಾಡಿನವರು. ಬುಲ್ಡೋಜರು ಕಾಣುತ್ತದೆ, ಅದಿರು ಅಗೆಯುವ ಕೈ ಕಾಣುವುದಿಲ್ಲ. ಸುಳ್ಯದ ರಬ್ಬರ್ ತೋಟಗಳಿಗೆ ಬನ್ನಿ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಪ್ರಕಾರ ಸಿಲೋನಿನ ತೋಟಗಳಿಂದ ಕಳಿಸಲ್ಪಟ್ಟ ತಮಿಳರನ್ನು ಇಲ್ಲಿ ತಂದು ನೆಲೆ ನಿಲ್ಲಿಸಿದರು. ಕಾಡಿದ್ದ ನೆಲದಲ್ಲಿ ರಬ್ಬರ್ ಎಬ್ಬಿಸಿದ್ದು ಸರಕಾರದ್ದೇ ಅರಣ್ಯ ಅಭಿವೃದ್ಧಿ ನಿಗಮ, ಹಾಲು ಇಳಿಸಿದ್ದು ಇವರ ಕೈ. ಹೆಚ್ಚಿನವರು ದಲಿತ ಜಾತಿಗಳವರು. ಇವರನ್ನು ಎತ್ತ ಸೇರಿಸುತ್ತೀರಿ? ಕಾಡು ಕಡಿದ ಪಾಪದಲ್ಲಿ ಪಾಲು ಕೊಡುತ್ತೀರೋ, ಕಾಡಿನ ಮಕ್ಕಳೆಂದು ಹಾಡುತ್ತೀರೋ? ಎರಡೂ ಸುಳ್ಳೇ. ಒಂದು ದ್ವೀಪದ ಟೀ ಗಿಡದಿಂದ ಇನ್ನೊಂದು ದೇಶದ ರಬ್ಬರ್ ಮರಕ್ಕೆ ದಾಟಿಸಿದ ಈ ಮೈಗಳಿಗೆ ಆ ಚಿತ್ರದ ಕಾಡಿನಲ್ಲಿ ಜಾಗವಿಲ್ಲ.

2022ರ ಎರಡನೆಯ ಭಾಗದಲ್ಲಿ ಕಡಲಿನ ದೊಡ್ಡ ಜೀವಿಗಳನ್ನು ಕೊಲ್ಲುವ ಹಡಗಿನ ಆಳುಗಳೇನೋ ಕಾಣುತ್ತಾರೆ. ಅವರು ಬರುವುದು ಕೊಲ್ಲಲಿಕ್ಕೆ, ಸಾಯಲಿಕ್ಕೆ. ಯಾವ ಊರಿನವರು, ಯಾವ ಸಾಲ ತೀರಿಸಲು ಹಡಗು ಹತ್ತಿದರು ಎಂದು ಕ್ಯಾಮೆರಾ ಕೇಳುವುದಿಲ್ಲ.