ದ್ರಾಕ್ಷಿ ಚಪ್ಪರ ದಾಟಿದ ಮೇಲೆ ಬಂಡಿದಾರಿ

ಭಾನುವಾರ ಬೆಳಗಾಗುವ ಹೊತ್ತಿಗೆ ನಂದಿಬೆಟ್ಟದ ತಪ್ಪಲಲ್ಲಿ ಸೈಕಲ್ ಸವಾರರದೇ ಜಾತ್ರೆ. ಬೆಂಗಳೂರಿನಿಂದ ಬಂದವರು ಬೆಟ್ಟ ಹತ್ತುತ್ತಾರೆ, ಇಳಿಯುತ್ತಾರೆ, ಇಡ್ಲಿ-ವಡೆ ತಿಂದು ಬಂದ ಡಾಂಬರಿನಲ್ಲೇ ಹಿಂದಿರುಗುತ್ತಾರೆ. ಅವರಲ್ಲಿ ಕೆಲವರು ಈಚೆಗೆ ಗ್ರಾವೆಲ್ ಬೈಕ್ ಕೊಂಡು ಬೆಟ್ಟದ ಸುತ್ತಲಿನ ದ್ರಾಕ್ಷಿ ತೋಟಗಳ ಮಣ್ಣಿನ ದಾರಿಗೆ ಇಳಿದಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ದ್ರಾಕ್ಷಿ ತೋಟ ಮುಗಿದಲ್ಲಿಗೆ ನಿಲ್ಲಬೇಡಿ. ಮಾಕಳಿದುರ್ಗ ದಾಟಿ, ಗೌರಿಬಿದನೂರಿನ ಮೇಲೆ ಮಧುಗಿರಿಗೆ ಬನ್ನಿ. ಅಲ್ಲಿಂದ ಉತ್ತರಕ್ಕೆ ಮಿಡಿಗೇಶಿ, ಪಾವಗಡ, ನಾಗಲಮಡಿಕೆ, ಕೊನೆಗೆ ತಿರುಮಣಿ. ಮಣ್ಣಿನ ದಾರಿಯ ಸವಾರಿಗೆ ಇದಕ್ಕಿಂತ ಒಳ್ಳೆಯ ಸೀಮೆಯನ್ನು ನಾನು ಕರ್ನಾಟಕದಲ್ಲಿ ಕಂಡಿಲ್ಲ.

ಗ್ರಾವೆಲ್ ಬೈಕ್ ನೋಡದವರಿಗಾಗಿ ಎರಡು ಮಾತು. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕು, 40 ಮಿ.ಮೀ. ಆಸುಪಾಸಿನ ಅಗಲ ಟೈರು, ದಿಣ್ಣೆ ಹತ್ತಲು ತೀರಾ ಹಗುರವಾದ ಗೇರು. ಡಾಂಬರಿನ ಸೈಕಲ್ಲಿಗೆ 80 ಪಿಎಸ್‌ಐಗೂ ಹೆಚ್ಚು ಗಾಳಿ ತುಂಬುತ್ತೇವೆ. ಇದಕ್ಕೆ 35 ಸಾಕು. ಗಾಳಿ ಕಡಿಮೆಯಾದಷ್ಟೂ ಟೈರು ಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗುತ್ತದೆ. ಬೆನ್ನು ಉಳಿಯುವುದೂ ಇಳಿಜಾರಿನಲ್ಲಿ ಹಿಡಿತ ಸಿಗುವುದೂ ಇದರಿಂದಲೇ. ಸೈಕಲ್ಲಿನ ಬೆಲೆಯ ಬಗ್ಗೆ ಮಾತಾಡುವವರು ಮೊದಲು ಟೈರಿನ ಗಾಳಿಯನ್ನು ಸರಿಯಾಗಿ ಹಿಡಿಯುವುದನ್ನು ಕಲಿಯಲಿ.

ನಂದಿಯ ಸುತ್ತಿನ ತೋಟಗಳ ಸವಾರಿಗೆ ಅದರದೇ ಸೊಗಸಿದೆ, ಅಲ್ಲಗಳೆಯುವುದಿಲ್ಲ. ಅಲ್ಲಿನ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ವೈನ್‌ಗೆಂದೇ ಬೆಳೆಸುವ ತೋಟಗಳು ದೊಡ್ಡಬಳ್ಳಾಪುರದ ಕಡೆ 1980ರ ದಶಕದ ಕೊನೆಯಿಂದಲೂ ಇವೆ. ಆದರೆ ನೀಲಿ ದ್ರಾಕ್ಷಿಯನ್ನು ನಮ್ಮ ರೈತರು ಬೆಳೆಸುವುದು ಚಪ್ಪರದ ಮೇಲೆ. ಆಳೆತ್ತರದ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿ ಹಬ್ಬಿಸುತ್ತಾರೆ. ಸೈಕಲ್ಲಿನ ಮೇಲೆ ಕೂತವನ ಕಣ್ಣಿಗೂ ಚಪ್ಪರದ ತಳಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರ. ಬಿಸಿಲ ದಾರಿಯಿಂದ ತೋಟದ ಅಂಚಿಗೆ ತಿರುಗಿದರೆ ಮುಖಕ್ಕೆ ತಂಪು ಬಡಿಯುತ್ತದೆ. ಎಲೆಗಳ ಮೇಲೆ ಬೋರ್ಡೋ ದ್ರಾವಣದ ತಿಳಿನೀಲಿ ಕಲೆ ಒಣಗಿ ನಿಂತಿರುತ್ತದೆ. ಮೈಲುತುತ್ತು ಮತ್ತು ಸುಣ್ಣದ ಈ ಔಷಧಿ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ.

ಕಷ್ಟವೆಂದರೆ, ಅಲ್ಲಿನ ಮಣ್ಣಿನ ದಾರಿಗಳು ಈಗ ತುಂಡುತುಂಡು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಲೇಔಟಿನ ಕಾಂಪೌಂಡು, ಇಲ್ಲವೇ ರೆಸಾರ್ಟಿನ ಗೇಟು. ಉಸಿರು ಹದಕ್ಕೆ ಬರುವ ಮೊದಲೇ ದಾರಿ ಮುಗಿಯುತ್ತದೆ.

ಇಟಲಿಯ ಟಸ್ಕನಿಯಲ್ಲೂ ಮಣ್ಣಿನ ದಾರಿಗಳು ಹೀಗೆಯೇ ಕಾಣೆಯಾಗುತ್ತಿದ್ದವು. ಕಿಯಾಂಟಿ ಎಂಬ ದ್ರಾಕ್ಷಿ ಗುಡ್ಡಗಳ ಸೀಮೆಯ ಬಿಳಿ ಸುಣ್ಣಕಲ್ಲಿನ ದಾರಿಗಳು ಒಂದೊಂದಾಗಿ ಡಾಂಬರು ಕಾಣುತ್ತಿದ್ದಾಗ, ಜಾನ್‌ಕಾರ್ಲೊ ಬ್ರೋಚಿ ಎಂಬವರು 1997ರಲ್ಲಿ ಗಾಯೊಲೆ ಎಂಬ ಊರಿನಿಂದ ‘ಎರೋಯಿಕಾ’ ಎಂಬ ಸವಾರಿ ಶುರು ಮಾಡಿದರು. ಹಳೆಯ ಉಕ್ಕಿನ ಸೈಕಲ್ಲು, ಉಣ್ಣೆಯ ಜೆರ್ಸಿ, ಮಣ್ಣಿನ ದಾರಿ. ಮೊದಲ ವರ್ಷ ಬಂದವರು ನೂರಕ್ಕೂ ಕಡಿಮೆ. ಹತ್ತು ವರ್ಷ ಕಳೆದು 2007ರಲ್ಲಿ ಅದೇ ದಾರಿಗಳ ಮೇಲೆ ವೃತ್ತಿಪರರ ‘ಸ್ಟ್ರಾಡೆ ಬಿಯಾಂಕೆ’ ರೇಸು ಹುಟ್ಟಿತು. ಇಂದು ಜಗತ್ತಿನ ಸೈಕಲ್ ಪ್ರಿಯರು ಮಾರ್ಚ್ ತಿಂಗಳಲ್ಲಿ ಆ ರೇಸಿಗಾಗಿ ಟಿವಿ ಮುಂದೆ ಕೂರುತ್ತಾರೆ. ಡಾಂಬರಿಲ್ಲದ ದಾರಿಯೇ ಒಂದು ಸೀಮೆಯ ಆಸ್ತಿಯಾಗಬಲ್ಲದು ಎಂದು ಅಲ್ಲಿನವರು ತೋರಿಸಿಕೊಟ್ಟರು. ನಮ್ಮಲ್ಲಿ ಆ ಆಸ್ತಿ ಇನ್ನೂ ಉಳಿದಿರುವುದು ಮಧುಗಿರಿ, ಪಾವಗಡದ ಕಡೆ.

ಇದಕ್ಕೆ ಮೊದಲ ಕಾರಣ ಮಣ್ಣು. ಮಧುಗಿರಿಯ ನೆತ್ತಿಯ ಮೇಲೆ ನಿಂತ ಏಕಶಿಲೆಯಿಂದ ಮಿಡಿಗೇಶಿ ದುರ್ಗ, ಪಾವಗಡದ ಕೋಟೆ ಬೆಟ್ಟದವರೆಗೆ ಇದೆಲ್ಲ ಬಂಡೆಯ ನಾಡು. ಬಂಡೆ ಬಿಸಿಲು ಮಳೆಗೆ ಸವೆದು ಉದುರಿದ ಒರಟು ಗರಸು ಗುಡ್ಡದ ಬುಡದಲ್ಲೆಲ್ಲ ಹರಡಿದೆ. ಎತ್ತಿನ ಗಾಡಿ, ಟ್ರ್ಯಾಕ್ಟರು ತುಳಿದಷ್ಟೂ ಅದು ಗಟ್ಟಿಯಾಗುತ್ತದೆ. ರಾತ್ರಿ ಹದವಾಗಿ ಮಳೆ ಬಿದ್ದರೂ ನೀರು ಬಸಿದು ಬೆಳಿಗ್ಗೆಗೆ ದಾರಿ ಸಿದ್ಧ. ಎರೆ ಹೊಲದ ದಾರಿಯಾದರೆ ಮಳೆಯ ಮರುದಿನ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಮಣ್ಣು ಚಕ್ರಕ್ಕೂ ಫೋರ್ಕಿಗೂ ನಡುವೆ ಕಚ್ಚಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ನಮ್ಮ ಗರಸಿನ ದಾರಿಯಲ್ಲಿ ಕೆಳಗಿನಿಂದ ಕರಕರ ಸದ್ದು ಬರುತ್ತಿರುತ್ತದೆ. ಆ ಸದ್ದು ಒಂದೇ ಸಮನಿದ್ದರೆ ಹಿಡಿತ ಚೆನ್ನಾಗಿದೆಯೆಂದು ಅರ್ಥ, ಸದ್ದು ನಿಂತರೆ ಮುಂದೆ ಮರಳಿದೆ ಎಂದು ತಿಳಿದು ಹ್ಯಾಂಡಲ್ ಸಡಿಲ ಬಿಡಬೇಕು. ಜಯಮಂಗಲಿ ನದಿಯ ಒಣ ಪಾತ್ರ ದಾಟುವಾಗ ಮಾತ್ರ ಇಳಿದು ತಳ್ಳುವುದೇ ಸರಿ.

ಎರಡನೆಯ ಕಾರಣ ನಕಾಶೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಎರಡು ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂದಿದ್ದರೆ ಕಾಲುದಾರಿ. ಈ ನಕಾಶೆಗಳನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಂತ ಜಾಗದ ಸರ್ವೆ ನಂಬರ್ ತೋರಿಸಲು ‘ದಿಶಾಂಕ್’ ಆ್ಯಪ್ ಇದೆ. ಇವೆರಡನ್ನೂ ಕೂಡಿಸಿ ನೋಡಲು ಕಲಿತವನಿಗೆ ಯಾವ ವಿದೇಶಿ ಮ್ಯಾಪೂ ತೋರಿಸದ ದಾರಿಗಳು ತೆರೆದುಕೊಳ್ಳುತ್ತವೆ. ಹೊಂಗೆ, ಹುಣಸೆ ಮರಗಳ ನಡುವಿನ ಹಳೆಯ ದಾರಿ ಎಷ್ಟೋ ಕಡೆ ಹಾಗೆಯೇ ಇದೆ. ಒಂದು ಎಚ್ಚರಿಕೆ: ಪಾವಗಡ ತಾಲ್ಲೂಕು ಉಳಿದ ತುಮಕೂರು ಜಿಲ್ಲೆಗೆ ಅಂಟಿಕೊಂಡಿಲ್ಲ. ಮಧುಗಿರಿಗೂ ಪಾವಗಡಕ್ಕೂ ನಡುವೆ ಆಂಧ್ರದ ಮಡಕಶಿರಾ ಸೀಮೆ ಚಾಚಿಕೊಂಡಿದೆ. ಅಲ್ಲಿ ದಿಶಾಂಕ್ ಕೈಕೊಡುತ್ತದೆ, ಬಾಯಿಯೇ ಗತಿ. ಭಾಷೆಯ ಅಂಜಿಕೆ ಬೇಡ. ಗಡಿಯ ಎರಡೂ ಕಡೆ ಕನ್ನಡ, ತೆಲುಗು ಎರಡೂ ನಡೆಯುತ್ತವೆ. “ಯಾವೂರು ಸ್ವಾಮಿ ನಿಮ್ದು? ಈ ಬಿಸ್ಲಲ್ಲಿ ಎಲ್ಲಿಗ್ ಹೊಂಟ್ರಿ?” ಎಂದು ಕೇಳಿದವರು ಉತ್ತರ ಸಿಕ್ಕ ಮೇಲೆ ದಾರಿಯನ್ನೂ ಹೇಳಿಯೇ ಕಳಿಸುತ್ತಾರೆ.

ಹೋಗುವ ಹಾದಿಯಿಂದ ಕೊಂಚ ಪೂರ್ವಕ್ಕೆ ಸರಿದರೆ ಮೈದನಹಳ್ಳಿ. 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇರುವುದು ಇಲ್ಲಿಯೇ. ವಿಸ್ತೀರ್ಣ 798 ಎಕರೆ. ಜಿಂಕೆಗಳು ಸುತ್ತಲ ಹೊಲಗಳಿಗೂ ಬರುತ್ತವೆ, ಹಾಗಾಗಿ ಸೈಕಲ್ಲನ್ನು ಒಳಗೆ ಒಯ್ಯುವ ಆಸೆ ಬೇಡ. ಹೊರಗಿನ ದಾರಿಯಲ್ಲಿ ಸದ್ದಿಲ್ಲದೆ ನಿಂತರೆ ಸಾಕು.

ತಿರುಮಣಿ ತಲುಪಿದವರಿಗೆ ಬೇರೆಯೇ ನೋಟ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹಬ್ಬಿದೆ. ಮೊದಲ ಹಂತಕ್ಕೆ 2018ರ ಮಾರ್ಚಿನಲ್ಲಿ ಚಾಲನೆ ಸಿಕ್ಕಿತು, ಪೂರ್ಣ ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ರೈತರಿಂದ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಇಲ್ಲಿನ ವಿಶೇಷ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುತ್ತಿದ್ದ ಹೊಲಕ್ಕೆ ನಿಶ್ಚಿತ ಹಣ ಬಂತು. ಜಮೀನಿದ್ದವರಿಗೆ ಅದು ದೊಡ್ಡ ಆಸರೆ. ಜಮೀನಿಲ್ಲದ ಕೂಲಿಯವರ, ಕುರಿಗಾಹಿಗಳ ಮಾತು ಬೇರೆ. ತಂತಿಬೇಲಿ ಎದ್ದ ಮೇಲೆ ಮೇವಿನ ಬಯಲು ಹೋಯಿತು. ಬೇಲಿಯ ಪಕ್ಕದ ಮಣ್ಣಿನ ದಾರಿಯಲ್ಲಿ ಒಂದು ಕಡೆ ಗಾಜಿನ ಹಲಗೆಗಳ ಸಾಲು, ಇನ್ನೊಂದು ಕಡೆ ಬಳ್ಳಾರಿ ಜಾಲಿಯ ಮೆಳೆ, ನಡುವೆ ನೀವು. ಮೈಲಿಗಟ್ಟಲೆ ಹೀಗೆಯೇ. ಎದುರಿನಿಂದ ಕುರಿಮಂದೆ ಬಂದರೆ ಸೈಕಲ್ಲಿನಿಂದ ಇಳಿಯಿರಿ. ನಾಯಿಗಳು ಓಡುವ ಚಕ್ರವನ್ನು ಅಟ್ಟಿಸಿಕೊಂಡು ಬರುತ್ತವೆ, ನಡೆಯುವ ಮನುಷ್ಯನನ್ನು ಬಿಡುತ್ತವೆ. ಅದಕ್ಕಿಂತ ಹೆಚ್ಚಾಗಿ, ಇದ್ದಬದ್ದ ದಾರಿಯ ಮೇಲೆ ಮೊದಲ ಹಕ್ಕು ಆ ಮಂದೆಯದು.

ಇನ್ನು ಸಿದ್ಧತೆಯ ಮಾತು. ಈ ಸೀಮೆಯಲ್ಲಿ ಟ್ಯೂಬ್ ಹಾಕಿದ ಟೈರಿನಲ್ಲಿ ಹೊರಡಬೇಡಿ. ಬಳ್ಳಾರಿ ಜಾಲಿಯ ಮುಳ್ಳು, ನೆಗ್ಗಿಲು ಮುಳ್ಳು ಎರಡೂ ಕಾದು ಕೂತಿರುತ್ತವೆ. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲೆಂಟ್ ದ್ರವ ಇದ್ದರೆ ಮುಳ್ಳು ಕಿತ್ತ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಆ ದ್ರವ ಬೇಗ ಒಣಗುವುದರಿಂದ ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಾಟಲಿ ತುಂಬಿಸುವುದಾದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸಿ, ಅದಕ್ಕೆಂದು ಐದು ರೂಪಾಯಿ ನಾಣ್ಯ ಜೇಬಿನಲ್ಲಿರಲಿ. ಆಷಾಢದಲ್ಲಿ ಪಡುವಣ ಗಾಳಿ ಜೋರು. ಪೂರ್ವಕ್ಕೆ ಹೋಗುವಾಗ ಬೆನ್ನಿಗೆ ಬಂದ ಆ ಗಾಳಿ ವಾಪಸಾಗುವಾಗ ಎದೆಗೆ ಬರುತ್ತದೆ, ಕಾಲಿನ ಶಕ್ತಿಯ ಅರ್ಧವನ್ನು ಅದಕ್ಕೇ ಎತ್ತಿಡಬೇಕು. ದೀಪಾವಳಿಯಿಂದ ಶಿವರಾತ್ರಿವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ. ಆಗ ಡಾಂಬರು ರಸ್ತೆಯ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಕಾಳಿನ ಮೇಲೆ ಟೈರು ಜಾರುವಷ್ಟು ಗರಸಿನ ಮೇಲೆ ಎಂದೂ ಜಾರುವುದಿಲ್ಲ, ಬಂಡಿದಾರಿ ಹಿಡಿಯಲು ಅದೂ ಒಂದು ಕಾರಣ.

ಊರಿಂದೂರಿಗೆ ಹೋಗುವ ರಸ್ತೆಗೆ ಡಾಂಬರು ಬೇಕು. ಬಸ್ಸು, ಆಂಬುಲೆನ್ಸು ಬರಬೇಕಾದ ಕಡೆ ಸವಾರರ ಸುಖದ ಮಾತು ಎತ್ತುವುದು ಅನ್ಯಾಯ. ಹೊಲದ ದಾರಿಗಳಿಗೆ ಬೇಕಿರುವುದು ಬೇರೆ: ಒತ್ತುವರಿ ತೆರವು, ಎರಡು ಬದಿ ಚರಂಡಿ, ಮೇಲೊಂದು ಪದರ ಗರಸು. ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಲ್ಲಿ ಉದ್ಯೋಗ ಖಾತರಿ ಹಣದಿಂದ ಈ ಕೆಲಸಗಳು ನಡೆದಿವೆ. ಅಂಥ ದಾರಿ ಗಾಡಿಗೂ ಟ್ರ್ಯಾಕ್ಟರಿಗೂ ಕುರಿಗೂ ಸೈಕಲ್ಲಿಗೂ ಆಗುತ್ತದೆ. ತೆಳ್ಳಗೆ ಬಳಿದ ಡಾಂಬರಾದರೆ ಎರಡು ಮಳೆಗಾಲಕ್ಕೆ ಕಿತ್ತು ಯಾರಿಗೂ ಆಗದಂತಾಗುತ್ತದೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಓದುಗರಲ್ಲಿ ನನ್ನ ಕೋರಿಕೆ ಇದು: ನಿಮ್ಮೂರಿನ ನಕಾಶೆ ತೆಗೆದು ಚುಕ್ಕೆಗೆರೆಯ ಬಂಡಿದಾರಿಗಳನ್ನು ಗುರುತು ಹಾಕಿಕೊಳ್ಳಿ. ಮುಚ್ಚಿ ಹೋದದ್ದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಾರಿಗೆ ಗರಸು ಕೇಳಿ.