ಮೇಷ್ಟ್ರು ಬರೆದ ಮಕ್ಕಳ ಪುಸ್ತಕಗಳು

ಕನ್ನಡದ ಮಕ್ಕಳ ಸಾಹಿತ್ಯವನ್ನು ಕಟ್ಟಿದವರಲ್ಲಿ ಬಹುಪಾಲು ಮಂದಿ ಮೇಷ್ಟ್ರುಗಳು. ಪಂಜೆ ಮಂಗೇಶರಾಯರು ಪಾಠ ಹೇಳಿದವರು, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ಜಿ.ಪಿ. ರಾಜರತ್ನಂ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ವಿಜಯಪುರ ಜಿಲ್ಲೆಯಲ್ಲಂತೂ ಶಂ.ಗು. ಬಿರಾದಾರರಂಥ ಶಿಕ್ಷಕರು ಸೇರಿ ಮಕ್ಕಳ ಪದ್ಯದ ಒಂದು ಪರಂಪರೆಯನ್ನೇ ಬೆಳೆಸಿದರು. ಇದೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಚಿಕ್ಕಂದಿನಲ್ಲಿ ಓದಿದ್ದನ್ನು ನಡುವಯಸ್ಸಿನಲ್ಲಿ ಮತ್ತೆ ಹರವಿಕೊಂಡು ಕೂತಾಗ ಕಣ್ಣಿಗೆ ಹೊಡೆದದ್ದು ಅದರ ಪರಿಣಾಮ. ನಮ್ಮ ಮಕ್ಕಳ ಸಾಹಿತ್ಯ ಹುಟ್ಟಿದ್ದು ಒಂದು ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕೂತು ದನಿಯೆತ್ತಿ ಹೇಳುವುದಕ್ಕೆ. ಮೂಲೆಯಲ್ಲಿ ಒಂಟಿಯಾಗಿ ಪುಸ್ತಕ ಹಿಡಿದ ಮಗುವಿನ ನೆನಪು ಅದಕ್ಕೆ ಬಂದದ್ದು ತಡವಾಗಿ, ಬಂದಾಗಲೂ ಅರೆಮನಸ್ಸಿನಿಂದ. ಅದರ ಗೆಲುವು, ಸೋಲು ಎರಡಕ್ಕೂ ಬೇರು ಅಲ್ಲೇ ಇದೆ.

ಗೆಲುವಿನ ಮಾತು ಮೊದಲು. ಪಂಜೆಯವರ ‘ನಾಗರಹಾವು’ ಪದ್ಯ ಬಾಯಿಪಾಠ ಬಾರದ ಕನ್ನಡಿಗರು ಒಂದು ಕಾಲದಲ್ಲಿ ಕಡಿಮೆ. ಬಾಯಿಗೆ ಬಂದದ್ದರಿಂದಲೇ ನಾವು ಅದನ್ನು ಓದಲಿಲ್ಲ. ಈಗ ನಿಧಾನವಾಗಿ ನೋಡಿದರೆ ಆ ನಾಲ್ಕು ನುಡಿಗಳಲ್ಲಿ ಒಂದು ಪುಟ್ಟ ನಾಟಕವೇ ನಡೆಯುತ್ತದೆ. ಮೊದಲ ನುಡಿಯಲ್ಲಿ ಹಾವನ್ನು ಹೊಗಳಿ, ಕೈಮುಗಿದು, ಹಾಲು ಕೊಡುತ್ತೇನೆಂದು ಕರೆಯುವುದು. ಎರಡನೆಯದರಲ್ಲಿ ಹೆಡೆ ಬಿಚ್ಚು, ಕೊಳಲೂದುತ್ತೇನೆ ಎಂಬ ಪುಸಲಾವಣೆ. ಮೂರನೆಯದರಲ್ಲಿ ಮನಸ್ಸಿನಲ್ಲಿದ್ದದ್ದು ಹೊರಬೀಳುತ್ತದೆ: ತಲೆಯ ಮೇಲಿನ ರತ್ನ, ಬಡವನಿಗೆ ಚಿನ್ನ. ಕೊನೆಯದರಲ್ಲಿ ಭಯ; ಅದೇ ಹಾವಿಗೆ ಈಗ ಅಡ್ಡಬಿದ್ದು ಹೊರಡು ಎನ್ನುವುದು. ಪ್ರೀತಿಯಿಂದ ಆಸೆಗೆ, ಆಸೆಯಿಂದ ಅಂಜಿಕೆಗೆ. ನುಡಿ ಮುಗಿಯುವಾಗಲೆಲ್ಲ ಒಂದೇ ಅಕ್ಷರ ಸಾಲುಸಾಲಾಗಿ ಬಡಿಯುತ್ತದೆ. ತರಗತಿಯಲ್ಲಿ ಮಕ್ಕಳಿಗೆ ಖುಷಿ ಕೊಡುತ್ತಿದ್ದದ್ದು ಆ ಬಡಿತ. ದೇವರ ಮುಂದೆ ನಿಂತ ದೊಡ್ಡವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ ಎಂಬುದು ಹೊಳೆಯಲು ನನಗೆ ವಯಸ್ಸಾಗಬೇಕಾಯಿತು. ನೀತಿಯ ಒಂದು ಮಾತೂ ಇಲ್ಲದ ಪದ್ಯ ಇದು. ಇನ್‌ಸ್ಪೆಕ್ಟರ ಕೆಲಸದವರೊಬ್ಬರು ಇದನ್ನು ಬರೆದರು ಎಂಬುದೇ ಸೋಜಿಗ.

ರಾಜರತ್ನಂ ಅವರ ‘ತುತ್ತೂರಿ’ಯ ವಿಷಯದಲ್ಲಿ ನನ್ನ ಮೆಚ್ಚುಗೆ ಸ್ವಲ್ಪ ತಗ್ಗಿದೆ. ಬಣ್ಣದ ತುತ್ತೂರಿ ಕೊಂಡು ಬೀಗಿದ ಹುಡುಗನ ಕೈಯಿಂದ ಅದು ಕೊಳಕ್ಕೆ ಜಾರುತ್ತದೆ, ತುತ್ತೂರಿಯ ಗಂಟಲಿಗೆ ನೀರು ಹೋಗಿ ಅದರ ದನಿ ಕೆಡುತ್ತದೆ, ಜಂಬಕ್ಕೆ ತಕ್ಕ ಶಾಸ್ತಿಯಾಯಿತು ಎಂದು ಪದ್ಯ ಮುಗಿಯುತ್ತದೆ. ಆ ಕೊನೆಯ ಸಾಲು ಮೇಷ್ಟ್ರದ್ದು. ಹುಡುಗನ ಪಾಡಿಗೆ ಹುಡುಗನನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಹೊಸ ಆಟಿಕೆ ಸಿಕ್ಕ ಮಗು ಜಂಬ ಪಡದೆ ಇನ್ನೇನು ಮಾಡಬೇಕು? ಹಾಗಿದ್ದರೂ ಪದ್ಯ ಉಳಿದಿದೆ. ಉಳಿಸಿರುವುದು ಆ ಕೆಟ್ಟ ದನಿಯ ಅಣಕು. ರಾಜರತ್ನಂ ಕಿವಿ ರಾಜರತ್ನಂ ನೀತಿಗಿಂತ ಯಾವಾಗಲೂ ಒಂದು ಕೈ ಮೇಲು. ‘ರತ್ನನ ಪದಗಳು’ ಬರೆದ ಕಿವಿ ಅದು.

ಇವರೆಲ್ಲರ ನಡುವೆ ಬೇರೆ ಜಾಡಿನದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗ್‌ನ ಮೂಲ ಕವನ 1842ರದ್ದು. ಅದರಲ್ಲಿ ಜರ್ಮನಿಯ ಹ್ಯಾಮೆಲಿನ್ ಊರು, ಮೇಯರು, ನಗರಸಭೆ. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು, ಮೇಯರನ ಜಾಗದಲ್ಲಿ ಗೌಡನನ್ನು ಕೂರಿಸಿದರು. ಬರೆದಾಗ ಅವರಿಗೆ ಇಪ್ಪತ್ತು ದಾಟಿತ್ತಷ್ಟೆ, ಇನ್ನೂ ಮೇಷ್ಟ್ರಾಗಿರಲಿಲ್ಲ. ಆ ವ್ಯತ್ಯಾಸ ಪುಸ್ತಕದ ತುಂಬ ಕಾಣುತ್ತದೆ. ಜೋಗಿಯ ಹಿಂದೆ ಹೊರಟ ಇಲಿಗಳ ಪಟ್ಟಿಯನ್ನೇ ನೋಡಿ. ಗಾತ್ರ, ಮೂಗು, ಬಣ್ಣ ಎಲ್ಲ ಮುಗಿದ ಮೇಲೆ ಕವಿ ಇಲಿಗಳಿಗೆ ಅಣ್ಣ ತಮ್ಮ ಅಪ್ಪ ಅವ್ವ ಎಂಬ ನಂಟಸ್ತಿಕೆಯನ್ನೂ ಹಚ್ಚುತ್ತಾನೆ. ನಗುನಗುತ್ತಲೇ ಆ ಸಂಸಾರಗಳನ್ನೆಲ್ಲ ನದಿಗೆ ಇಳಿಸುತ್ತಾನೆ. ಮಕ್ಕಳು ಬೆಟ್ಟದೊಳಗೆ ಹೋಗುವ ಹೊತ್ತಿಗೆ ಅದೇ ಲಯ, ಅದೇ ಸಂಭ್ರಮ. ಓದುವವನಿಗೆ ಮಾತ್ರ ಈಗ ನಗು ಬರುವುದಿಲ್ಲ. ಚಿಕ್ಕವನಿದ್ದಾಗ ಬೆಟ್ಟದೊಳಗೆ ಹೋದ ಮಕ್ಕಳನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೆ, ಹಿಂದುಳಿದ ಕುಂಟ ಹುಡುಗನಿಗೆ ಮರುಗಿದ್ದೆ. ಈಗ ಕಣ್ಣು ಹೋಗುವುದು ಊರಿನಲ್ಲಿ ಉಳಿದ ಅಪ್ಪ ಅಮ್ಮಂದಿರ ಕಡೆಗೆ. ಕೊಟ್ಟ ಮಾತಿಗೆ ತಪ್ಪಿದ್ದು ಗೌಡ. ದಂಡ ತೆತ್ತದ್ದು ಇಡೀ ಊರಿನ ಮನೆಗಳು. ಇಷ್ಟು ಕಠಿಣವಾದ ಕತೆಯನ್ನು ಇವತ್ತಿನ ಯಾವ ಪಠ್ಯಪುಸ್ತಕ ಸಮಿತಿ ಹೊಸದಾಗಿ ಒಪ್ಪೀತು ಎಂಬುದು ನನಗೆ ಅನುಮಾನ.

ಪದ್ಯ ಬಿಟ್ಟು ಗದ್ಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ನಮ್ಮ ಪೀಳಿಗೆಯ ಶಾಲೆಗಳ ಕಪಾಟಿನಲ್ಲಿ ಸಿಗುತ್ತಿದ್ದದ್ದು ಎರಡು ಬಗೆಯ ಪುಸ್ತಕ: ನೀತಿಕತೆ ಮತ್ತು ಮಹಾಪುರುಷರ ಚರಿತ್ರೆ. ಎರಡನೆಯದರಲ್ಲಿ ದೊಡ್ಡ ಹೆಸರು ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಮಾಲೆ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಟ್ಟ ಪುಸ್ತಕಗಳು ಬಂದವು. ಜೇಬಿಗೆ ಎಟುಕುವ ಬೆಲೆಯಲ್ಲಿ ಅಷ್ಟನ್ನು ಹೊರತರುವುದು ಸಣ್ಣ ಸಾಹಸವಲ್ಲ. ಪುಸ್ತಕ ಕೊಳ್ಳುವ ಅಭ್ಯಾಸ ಎಷ್ಟೋ ಮನೆಗಳಿಗೆ ಬಂದದ್ದೇ ಅದರಿಂದ. ಈಗ ಒಂದರ ಹಿಂದೊಂದು ಓದಿದರೆ ಬೇಸರವಾಗುತ್ತದೆ ಎಂದು ಹೇಳಲೇಬೇಕು. ಎಲ್ಲರೂ ತೊಟ್ಟಿಲಲ್ಲೇ ದೊಡ್ಡವರು. ಯಾರಿಗೂ ಅಡ್ಡಹಾದಿ ಇಲ್ಲ, ಹೊಟ್ಟೆಕಿಚ್ಚಿಲ್ಲ, ಗೊಂದಲವಿಲ್ಲ. ದೊಡ್ಡವರು ದೊಡ್ಡವರಾದದ್ದು ಹೇಗೆ ಎಂದು ತಿಳಿಯಬೇಕಾದ ಹುಡುಗನಿಗೆ ಅಲ್ಲಿ ಸಿಗುವುದು ಅವರು ಹಾಗೇ ಹುಟ್ಟಿದರು ಎಂಬ ಉತ್ತರ. ಶೇಷಗಿರಿರಾಯರು ವಿಮರ್ಶಕರೂ ಆಗಿದ್ದರು ಎಂಬುದನ್ನು ನೆನೆದರೆ ಕೊರತೆ ಇನ್ನಷ್ಟು ಕಾಡುತ್ತದೆ.

ನೀತಿಕತೆಗೆ ಸಡ್ಡು ಹೊಡೆದದ್ದು, ವಿಚಿತ್ರವೆಂದರೆ, ಮದ್ರಾಸಿನಿಂದ ಬರುತ್ತಿದ್ದ ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಬಹುಕಾಲ ಅದನ್ನು ನಡೆಸಿದ ಕೊಡವಟಿಗಂಟಿ ಕುಟುಂಬರಾವ್ ತೆಲುಗಿನ ಮಹತ್ವದ ಕತೆಗಾರ, ವಿಚಾರವಾದಿ. ಅಂಥವರ ಕೈಯಲ್ಲಿ ಭೂತ ಪಿಶಾಚಿಗಳ ಕತೆ ಅರಳಿದ್ದು ಒಂದು ತಮಾಷೆ. ವಿಕ್ರಮ-ಬೇತಾಳದ ಪುಟಗಳನ್ನು ಈಗ ತೆರೆದರೆ ಮೊದಲು ಹಿಡಿದು ನಿಲ್ಲಿಸುವುದು ಶಂಕರ್ ಬರೆದ ಆ ತಲೆಚಿತ್ರ. ಹಿರಿದ ಕತ್ತಿ, ಹೆಗಲ ಮೇಲೆ ಶವ, ಕಾಲಡಿಯಲ್ಲಿ ತಲೆಬುರುಡೆ, ಹಾವು. ಭಯಂಕರ ಸ್ಮಶಾನದ ನಡುವೆ ರಾಜನ ಮುಖದಲ್ಲಿ ಮಾತ್ರ ಕಚೇರಿಗೆ ಹೊರಟವನ ನಿರುದ್ವೇಗ. ಬೇತಾಳದ ಕತೆಗಳು ಮೂಲದಲ್ಲಿ ಇಪ್ಪತ್ತೈದೇ. ಚಂದಮಾಮ ಹೊಸ ಹೊಸ ಕತೆ ತುಂಬಿ ಅದನ್ನು ದಶಕಗಳ ಕಾಲ ಎಳೆಯಿತು, ಎಳೆದದ್ದು ಗೊತ್ತಾಗದ ಹಾಗೆ ಎಳೆಯಿತು. ಅದು ಸಾಧ್ಯವಾದದ್ದು ಆ ಕತೆಗಳ ಕಟ್ಟಿನಿಂದ. ಅಲ್ಲಿ ಕತೆಯ ಕೊನೆಗೆ ನೀತಿ ಬರುವುದಿಲ್ಲ, ತಕರಾರು ಬರುತ್ತದೆ. ತಪ್ಪು ಯಾರದು, ತ್ಯಾಗ ಯಾರದು ದೊಡ್ಡದು ಎಂದು ಬೇತಾಳ ಕೇಳುತ್ತದೆ. ರಾಜನ ಉತ್ತರಕ್ಕೆ ಮಗು ತಲೆದೂಗಬೇಕೆಂದೇನೂ ಇಲ್ಲ. ನಾನೂ ಎಷ್ಟೋ ಉತ್ತರ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಕನ್ನಡದ ಮಕ್ಕಳಿಗೆ ವಾದ ಮಾಡಲು ಕಲಿಸಿದ ಪುಟಗಳು ಅವು.

ಚಂದಮಾಮದ ಕನ್ನಡಕ್ಕೆ ಊರಿರಲಿಲ್ಲ, ಅದು ಬೇರೆ ಮಾತು. ಜಮೀನುದಾರ, ವ್ಯಾಪಾರಿ, ರಾಜವೈದ್ಯ ಎಲ್ಲರೂ ಒಂದೇ ತೊಳೆದಿಟ್ಟ ಭಾಷೆ ಆಡುತ್ತಿದ್ದರು. ಬೀದರಿನ ಹುಡುಗನಿಗೂ ಬಂಟ್ವಾಳದ ಹುಡುಗಿಗೂ ಅದು ಸಮನಾಗಿ ದಕ್ಕಿದ್ದಕ್ಕೆ ಕಾರಣವೂ ಅದೇ.

ತರಗತಿಯ ಹೊರಗಿನವರು ಈ ಕ್ಷೇತ್ರಕ್ಕೆ ಬಂದಾಗ ಏನಾಯಿತು ಎಂಬುದು ನನಗೆ ಕುತೂಹಲದ ಪ್ರಶ್ನೆ. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಹೋದ ಶಿವರಾಮ ಕಾರಂತರು ಒಬ್ಬರೇ ಕೂತು ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ತಿಂಗಳಿಗೊಂದರಂತೆ 12 ಸಂಪುಟಗಳ ‘ದಿನಕ್ಕೊಂದು ಕಥೆ’ ಕೊಟ್ಟರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಬಂತು. ಮೂರೂ ಒಂಟಿಯಾಗಿ ಓದುವ ಮಗುವನ್ನು ಕಂಡ ಪುಸ್ತಕಗಳು. ಕಾರಂತರ ವಿಜ್ಞಾನ ಇವತ್ತು ಹಳತಾಗಿದೆ, ಅದು ಸಹಜ. ಹಳತಾಗದಿರುವುದು ಅವರ ದನಿ: ಮಗುವಿನ ಮುಂದೆ ಬಗ್ಗುವುದಿಲ್ಲ, ಮುದ್ದು ಮಾಡುವುದಿಲ್ಲ, ತಮಗೆ ಕುತೂಹಲವಿದ್ದದ್ದನ್ನು ಎದುರಿಗಿರುವವನಿಗೂ ಕುತೂಹಲವಿದೆ ಎಂದು ನಂಬಿ ಹೇಳುತ್ತಾರೆ. ‘ದಿನಕ್ಕೊಂದು ಕಥೆ’ಯ ತೊಡಕು ಅದರ ಹೆಸರಿನಲ್ಲೇ ಇದೆ. ದೊಡ್ಡ ಕತೆ, ಸಣ್ಣ ಕತೆ ಎಲ್ಲವೂ ಒಂದು ದಿನದ ಅಳತೆಗೆ ಕತ್ತರಿಸಿಕೊಳ್ಳಬೇಕು.

ಇಷ್ಟಾದರೂ ಒಂದು ದೊಡ್ಡ ತೆರಪು ಉಳಿಯಿತು. ಹತ್ತರಿಂದ ಹದಿನೈದರ ವಯಸ್ಸಿನವರಿಗೆ, ವಾರಗಟ್ಟಲೆ ಜೊತೆಗಿಟ್ಟುಕೊಂಡು ಓದುವಂಥ ಕಾದಂಬರಿ ಕನ್ನಡದಲ್ಲಿ ಎಲ್ಲಿತ್ತು? ಆ ವಯಸ್ಸಿನಲ್ಲಿ ನಾವು ಮಾಡಿದ್ದು ದೊಡ್ಡವರ ಕಪಾಟಿಗೆ ಕೈಹಾಕಿದ್ದು. ತೇಜಸ್ವಿಯವರ ‘ಕರ್ವಾಲೊ’ ಅಂಥ ಕಳ್ಳ ಓದಿನ ಪುಸ್ತಕ. 1980ರಲ್ಲಿ ಬಂದ ಈ ಕಾದಂಬರಿಯನ್ನು ಹುಡುಗರು ಓದಿದ್ದು ಹಾರುವ ಓತಿಗಾಗಿ. ಅದು ಸಿಗುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆ. ಈಗ ಓದಿದರೆ ಓತಿಯಷ್ಟೇ ಮುಖ್ಯನಾಗುವವನು ಮಂದಣ್ಣ. ಮದುವೆಗೆ ಪರದಾಡುವ, ಕಳ್ಳಬಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವ, ಊರಿಗೆಲ್ಲ ಪೆದ್ದನಂತೆ ಕಾಣುವ ಆ ಜೇನು ಹಿಡಿಯುವವನ ಒಳಗೆ ಹುಟ್ಟು ಪ್ರಕೃತಿವಿಜ್ಞಾನಿಯನ್ನು ಸಂಶೋಧಕ ಕರ್ವಾಲೊ ಕಾಣುತ್ತಾರೆ. ನಿರೂಪಕನಿಗೆ ಅದು ಕೊನೆಯವರೆಗೂ ಪೂರ್ತಿ ಜೀರ್ಣವಾಗುವುದಿಲ್ಲ. ಓದು ಬಂದವರ ಅಹಂಕಾರದ ಬಗ್ಗೆ ಇಷ್ಟು ಮೆತ್ತಗೆ, ಇಷ್ಟು ಖಾರವಾಗಿ ಬರೆದದ್ದು ಕನ್ನಡದಲ್ಲಿ ಕಡಿಮೆ. ಮಕ್ಕಳಿಗೆಂದು ಬರೆಯದ ಪುಸ್ತಕವೇ ನಮ್ಮ ಅತ್ಯುತ್ತಮ ಎಳೆಯರ ಕಾದಂಬರಿಯಾಗಿ ಕೂತಿದೆ ಎಂದರೆ ಅದು ತೇಜಸ್ವಿಯವರ ಹೆಚ್ಚುಗಾರಿಕೆ, ಮಕ್ಕಳ ಸಾಹಿತ್ಯದ ಸೋಲು.

ಆ ತೆರಪನ್ನು ತುಂಬುವ ಪುಸ್ತಕಗಳು ನನಗೆ ಸಿಕ್ಕಿದ್ದು ದೊಡ್ಡವನಾದ ಮೇಲೆ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಡಿಸೋಜರು ಮೇಷ್ಟ್ರಲ್ಲ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ‘ದ್ವೀಪ’ದಲ್ಲಿ, ‘ಮುಳುಗಡೆ’ಯಲ್ಲಿ ದೊಡ್ಡವರಿಗೆ ಹೇಳಿದ ಸಂಗತಿಯನ್ನೇ ಮಕ್ಕಳ ಎದುರಿಗೂ ಇಟ್ಟರು. ನಾಡಿಗೆ ಬೆಳಕು ಕೊಟ್ಟ ಅಣೆಕಟ್ಟು ಯಾರ ಊರನ್ನು ನುಂಗಿತು ಎಂಬುದು ಮಕ್ಕಳ ಪುಸ್ತಕಕ್ಕೆ ತಕ್ಕ ವಸ್ತುವೇ ಎಂದು ಕೇಳುವವರಿದ್ದಾರೆ. ಕಿಂದರಿಜೋಗಿ ಓದಿದ ಮಕ್ಕಳಿಗೆ ಇದು ಭಾರವಾಗಲಾರದು.

ವೈದೇಹಿಯವರ ಮಕ್ಕಳ ನಾಟಕಗಳನ್ನು ರಂಗದ ಮೇಲೆ ನೋಡುವ ಭಾಗ್ಯ ಇಲ್ಲದವರು ಕೂಡ ಓದಿ ಸವಿಯಬಹುದು. ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅವರ ಕೈಯಲ್ಲಿ ‘ಧಾಂ ಧೂಂ ಸುಂಟರಗಾಳಿ’ಯಾಗಿದೆ, ‘ಮ್ಯಾಕ್‌ಬೆತ್’ ‘ಗೊಂಬೆ ಮ್ಯಾಕ್‌ಬೆತ್’ ಆಗಿದೆ. ಕರಾವಳಿಯ ಮನೆಮಾತಿನ ಕೊಂಕು, ಕುಶಾಲು ತಿಳಿದ ಲೇಖಕಿ ಮಕ್ಕಳ ಬಾಯಿಗೆ ಮಾತು ಕೊಡುವಾಗ ಬೋಧನೆ ತಾನಾಗಿ ಹಿಂದೆ ಸರಿಯುತ್ತದೆ. ಈಚೆಗೆ 2022ರ ಬಾಲ ಸಾಹಿತ್ಯ ಪುರಸ್ಕಾರ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರದ್ದು ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ ಬಂತು. ಎರಡೂ ಕಾದಂಬರಿಗಳೇ. ಬೀಗಾರರು ಶಾಲೆಯಲ್ಲಿ ಕಲಿಸಿದವರು. ಅಂದರೆ ಮೇಷ್ಟ್ರ ಪರಂಪರೆಯ ಒಳಗೇ ಏನೋ ಬದಲಾಗಿದೆ.

ಆ ಬದಲಾವಣೆ ಏನೆಂದು ನನಗೆ ಸ್ಪಷ್ಟವಾದದ್ದು ಒಂದು ಅನುವಾದದಿಂದ. ತೆತ್ಸುಕೊ ಕುರೊಯಾನಗಿ 1981ರಲ್ಲಿ ಜಪಾನಿಯಲ್ಲಿ ಬರೆದ ‘ತೊತ್ತೋಚಾನ್’ ವಿ. ಗಾಯತ್ರಿಯವರ ಕನ್ನಡದಲ್ಲಿದೆ. ರೈಲು ಡಬ್ಬಿಗಳಲ್ಲಿ ತರಗತಿ ನಡೆಯುವ ಶಾಲೆ. ಮೊದಲ ದಿನವೇ ಹೆಡ್‌ಮಾಸ್ತರ ಕೊಬಾಯಾಶಿ ಹೊಸ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಮಾತನ್ನು ನಾಲ್ಕು ಗಂಟೆ ಕೇಳುತ್ತಾರೆ. ಆಕಳಿಸುವುದಿಲ್ಲ, ತಿದ್ದುವುದಿಲ್ಲ. ನಮ್ಮ ಮಕ್ಕಳ ಗದ್ಯದಲ್ಲಿ ಮೇಷ್ಟ್ರು ಬಹಳ ಕಾಲ ಮಾತಾಡಿದರು. ಪಂಜೆಯವರನ್ನು ಬಿಟ್ಟರೆ ಕೇಳಿಸಿಕೊಂಡದ್ದು ಕಡಿಮೆ. ಈಗ ಬರೆಯುತ್ತಿರುವ ಒಳ್ಳೆಯವರು ಕೇಳಿಸಿಕೊಳ್ಳುತ್ತಿದ್ದಾರೆ.

ಅಡ್ಡಿಗಳು ಬೇರೆ ಕಡೆ ಇವೆ. ಮಕ್ಕಳ ಪುಸ್ತಕದ ದೊಡ್ಡ ಗಿರಾಕಿ ಇವತ್ತಿಗೂ ಸರ್ಕಾರದ ಸಗಟು ಖರೀದಿ. ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಕಡೆ ಒಳ್ಳೆಯ ಚಿತ್ರಕಾರನಿಗೆ ಸಂಭಾವನೆ ಎಲ್ಲಿಂದ ಬರಬೇಕು? ಒಂದು ಪುಟದಲ್ಲಿ ಒಂದೇ ಸಾಲಿದ್ದು ಉಳಿದದ್ದೆಲ್ಲ ಚಿತ್ರವಾದ ಪುಸ್ತಕ ಆ ಲೆಕ್ಕಕ್ಕೆ ನಷ್ಟದ ಬಾಬ್ತು. ಇನ್ನು ವಿಮರ್ಶೆ. ಮಕ್ಕಳ ಪುಸ್ತಕಕ್ಕೆ ನಮ್ಮ ಪತ್ರಿಕೆಗಳು ಕೊಡುವುದು ಒಂದು ಪ್ಯಾರಾ, ಅದರಲ್ಲೂ ‘ಮಕ್ಕಳಿಗೆ ಉಪಯುಕ್ತ’ ಎಂಬ ಸಿದ್ಧ ಮಾತು. ಉಪಯುಕ್ತ ಎಂಬ ಆ ಮಾತನ್ನು ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಯಾರಾದರೂ ಬರೆದಾರೆಯೇ?

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹುಟ್ಟುಹಬ್ಬಕ್ಕೆ ಪುಸ್ತಕ ಕೊಡುವ ಒಳ್ಳೆಯ ಅಭ್ಯಾಸ ಇಟ್ಟುಕೊಂಡಿರುವವರು ಈ ಸಲ ನೀತಿಕತೆಗಳ ಸಂಕಲನ ಬಿಟ್ಟು ಒಂದು ಮಕ್ಕಳ ಕಾದಂಬರಿ ಕೊಳ್ಳಿ. ಕಾಗದ ಸುತ್ತುವ ಮೊದಲು ನೀವು ಪೂರ್ತಿ ಓದಿ. ನಿಮಗೆ ಬೇಸರವಾದರೆ ಮಗುವಿಗೂ ಕೊಡಬೇಡಿ, ಪ್ರಕಾಶಕರಿಗೆ ಒಂದು ಕಾಗದ ಬರೆಯಿರಿ.