ರಕ್ತ ಅಳೆದವರು, ಅಚ್ಚು ಹಾಕಿದವರು

ವೈದ್ಯಕೀಯ ಪತ್ರಿಕೆಯ ಸಂಪಾದಕರ ಕುರ್ಚಿಯಲ್ಲಿ ಗಂಡು ಕೂತರೇನು, ಹೆಣ್ಣು ಕೂತರೇನು, ದೇಗಾಂವದವರಾದ ನಮಗೇನು ಸಂಬಂಧ ಅಂತ ಗೆಳೆಯರು ಕೇಳುತ್ತಾರೆ. ಸಂಬಂಧ ಐತಿ. ಅದು ನಮ್ಮ ಬಾಣಂತಿಯರ ರಕ್ತದ ಸಂಬಂಧ.

2006ರಲ್ಲಿ ಲಂಡನ್ನಿನ 'ದಿ ಲ್ಯಾನ್ಸೆಟ್' ಪತ್ರಿಕೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಸಂಶೋಧನೆಯನ್ನು ಅಚ್ಚು ಹಾಕಿತು. ಹೆರಿಗೆಯಾದ 1620 ಹೆಂಗಸರಲ್ಲಿ ಸುಮಾರು ಅರ್ಧ ಮಂದಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಸೂಜಿಮದ್ದು, ತಂಪುಪೆಟ್ಟಿಗೆ ಇಲ್ಲದ ಊರಿಗೆ ಇದು ದೊಡ್ಡ ಕೆಲಸವೇ. ನಾವು ಅಲ್ಲಗಳೆಯುವುದಿಲ್ಲ.

ಆದರೆ ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತ ಅಳೆದವರು ಯಾರು? 25 ಮಂದಿ ಎಎನ್‌ಎಂ ಅಕ್ಕಂದಿರು. ಲೇಖನದ ಸಾರಾಂಶದಲ್ಲಿ ಅವರು ಬರೀ ಒಂದು ಅಂಕಿ. ಲೇಖಕರ ಸಾಲಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ನಿಜ. ಆದರೆ 1823ರಲ್ಲಿ ಹುಟ್ಟಿದ ಆ ಪತ್ರಿಕೆಯ ಮುಖ್ಯ ಸಂಪಾದಕರ ಕುರ್ಚಿಯಲ್ಲಿ ಅಷ್ಟರತನಕ ಒಬ್ಬ ಹೆಣ್ಣುಮಗಳೂ ಕೂತಿರಲಿಲ್ಲ. 1840ರ 'ಬ್ರಿಟಿಷ್ ಮೆಡಿಕಲ್ ಜರ್ನಲ್'ಗೆ ಮೊದಲ ಸಂಪಾದಕಿ ಫಿಯೋನಾ ಗಾಡ್ಲೀ ಬಂದದ್ದು 2005ರಲ್ಲಿ. 2021ರ ಒಂದು ಲೆಕ್ಕದ ಪ್ರಕಾರ ಮುಂಚೂಣಿ ವೈದ್ಯ ಪತ್ರಿಕೆಗಳ ಮುಖ್ಯ ಸಂಪಾದಕರಲ್ಲಿ ಹೆಂಗಸರು ಐದರಲ್ಲಿ ಒಬ್ಬರು ಮಾತ್ರ.

ಯಾವ ಪ್ರಶ್ನೆ ಶಾಸ್ತ್ರ, ಯಾವುದು ಬರೀ ಗೋಳು ಅಂತ ತೀರ್ಮಾನಿಸುವುದು ಆ ಕುರ್ಚಿ. ಬಾಣಂತಿಯ ರಕ್ತ ಎಷ್ಟು ಹೋಯಿತು ಎಂಬುದು ಶಾಸ್ತ್ರವಾಯಿತು. ಆಕೆಯ ಮೈಯಲ್ಲಿ ಮೊದಲೇ ರಕ್ತ ಯಾಕಿರಲಿಲ್ಲ, ತುಂಬಿದ ಬಸುರಿ ಯಾರ ಹೊಲದಾಗ ಕಳೆ ಕಿತ್ತಳು, ಏನು ಉಂಡಳು? ಈ ಪ್ರಶ್ನೆಗಳೂ ಅದೇ ಪುಟಕ್ಕೆ ಬರಬೇಕು.

ಹಾಗಾದರೆ ಒಬ್ಬ ಹೆಣ್ಣುಮಗಳನ್ನು ಕೂರಿಸಿದರೆ ಸಾಕೆ? ನಮ್ಮೂರ ಕಮಲನಾರಾಯಣ ಗುಡಿ ನೋಡಿರಿ. ಹನ್ನೆರಡನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದ ಕದಂಬರ ರಾಣಿ ಕಮಲಾದೇವಿಯ ಹೆಸರು ದೇವರ ಹೆಸರಿನೊಳಗೇ ಸೇರಿ ಉಳಿದಿದೆ. ಕಲ್ಲು ಹೊತ್ತವರ ಹೆಸರು ಯಾರಿಗೆ ಗೊತ್ತು? ರಾಣಿಯ ಹೆಸರಿನಿಂದ ಕೂಲಿಯವಳಿಗೆ ಹೆಸರು ಬರಲಿಲ್ಲ. ಸಂಪಾದಕಿ ಬಂದ ಮಾತ್ರಕ್ಕೆ ಎಎನ್‌ಎಂಗೂ ಬರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಎರಡು. ಕೇರಿಯ ಹುಡುಗಿ ಡಾಕ್ಟರಾದರೆ ಸಾಲದು, ಯಾವುದು ಅಚ್ಚಾಗಬೇಕೆಂದು ಆರಿಸುವ ಜಾಗಕ್ಕೂ ಆಕೆ ಹೋಗಬೇಕು. ಮತ್ತೆ, ಹಳ್ಳಿಯಲ್ಲಿ ನಡೆದ ಸಂಶೋಧನೆಯ ಮೊದಲ ಪುಟದಲ್ಲಿ, ದುಡಿದ ಅಕ್ಕಂದಿರ ಹೆಸರು ಅವರ ಒಪ್ಪಿಗೆಯೊಂದಿಗೆ, ಪೂರ್ತಿಯಾಗಿ ಅಚ್ಚಾಗಬೇಕು.